ಟಾಟಾ ಇನ್‌ಸ್ಟಿಟ್ಯೂಟ್ ಲ್ಯಾಬ್ ನೋಡೋದು ಹೇಗೆ? ಓಪನ್ ಡೇ, ಸೆಮಿನಾರ್, ಸಿಂಪೋಸಿಯಂಗೆ ಹೋಗುವವರಿಗೆ

ಜನವರಿ ದಾಟಿತು ಅಂದರೆ ಸಾಕು, ಈ ಪ್ರಶ್ನೆಗಳು ಶುರು. ‘ಟಾಟಾ ಇನ್‌ಸ್ಟಿಟ್ಯೂಟ್ ಲ್ಯಾಬ್ ಒಳಗೆ ಹೋಗೋಕೆ ಯಾರ ಲೆಟರ್ ಬೇಕು?’ ‘ಮಗ ಇನ್ನೂ ಪಿಯುಸಿ, ಬಿಡ್ತಾರಾ?’ ‘ಸಿಂಪೋಸಿಯಂ ಅಂತ ನೋಟಿಸ್ ನೋಡಿದೆ, ನಾನು ಬೇರೆ ಊರಿನ ಕಾಲೇಜು, ಬರಬಹುದಾ?’ ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಗಿದೆ. ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಮೊದಲು ಚಿಕ್ಕ ಉತ್ತರ. ಹೆಚ್ಚಿನ ಕಾರ್ಯಕ್ರಮಗಳಿಗೆ ಯಾರ ಲೆಟರೂ ಬೇಡ. ನೋಟಿಸಿನ ಕೊನೆಯಲ್ಲಿ ‘ಆಲ್ ಆರ್ ವೆಲ್ಕಮ್’ ಎಂದಿದ್ದರೆ ಆ ‘ಆಲ್’ನಲ್ಲಿ ನೀವೂ ಇದ್ದೀರಿ. ಒಳಗೆ ಹೋಗುವುದು ಕಷ್ಟವಲ್ಲ. ತಮಗೆ ಬೇಕಾದದ್ದು ಒಂದು, ಹೋಗುವುದು ಇನ್ನೊಂದಕ್ಕೆ. ಜನ ಎಡವುವುದು ಅಲ್ಲೇ.

ಬೆಂಗಳೂರಿನ ಬಸ್ಸಿನವರ ಬಾಯಲ್ಲಿ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಆಗಿರುವ ಜಾಗದ ಅಧಿಕೃತ ಹೆಸರು ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಐಐಎಸ್‌ಸಿ. 1909ರಲ್ಲಿ ಶುರುವಾಯಿತು. ಜೆಮ್‌ಶೆಟ್‌ಜಿ ಟಾಟಾ ಕಂಡ ಕನಸಿಗೆ ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು. ಒಳಗೆ 40ಕ್ಕೂ ಹೆಚ್ಚು ವಿಭಾಗ, ಕೇಂದ್ರಗಳಿವೆ. ಈ ‘40ಕ್ಕೂ ಹೆಚ್ಚು’ ಅನ್ನುವುದೇ ಮುಂದೆ ನಿಮಗೆ ತಲೆನೋವಾಗುವ ವಿಷಯ, ಹಾಗಾಗಿ ನೆನಪಿಟ್ಟುಕೊಳ್ಳಿ.

1. ನಿಮಗೆ ಬೇಕಾದ ಕಾರ್ಯಕ್ರಮ ಯಾವುದು?

ಓಪನ್ ಡೇ ಎಂದರೆ ಜಾತ್ರೆ. ವರ್ಷಕ್ಕೆ ಒಂದೇ ದಿನ, ಸಾಮಾನ್ಯವಾಗಿ ಫೆಬ್ರವರಿ ಕೊನೆಯ ಅಥವಾ ಮಾರ್ಚ್ ಮೊದಲ ಶನಿವಾರ. ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. 1928ರಲ್ಲಿ ಸಿ.ವಿ. ರಾಮನ್ ‘ರಾಮನ್ ಪರಿಣಾಮ’ವನ್ನು ಕಂಡುಹಿಡಿದ ದಿನವದು. ಮಾರ್ಚ್ 3 ಟಾಟಾ ಹುಟ್ಟಿದ ದಿನ. ಓಪನ್ ಡೇ ಇವೆರಡರ ಆಸುಪಾಸಿನಲ್ಲೇ ಬರುತ್ತದೆ. ಪ್ರವೇಶ ಉಚಿತ. ಮಕ್ಕಳು, ಅಜ್ಜ, ಅಜ್ಜಿ ಎಲ್ಲರೂ ಬರಬಹುದು.

ಸೆಮಿನಾರ್ ಅಥವಾ ‘ಟಾಕ್’ ಎಂದರೆ ಒಬ್ಬರು ತಮ್ಮ ಸಂಶೋಧನೆ ಬಗ್ಗೆ ಒಂದು ಗಂಟೆ ಮಾತಾಡುವುದು. ವಾರವಿಡೀ ಒಂದಲ್ಲ ಒಂದು ವಿಭಾಗದಲ್ಲಿ ನಡೆಯುತ್ತಿರುತ್ತದೆ.

ಕಲೋಕ್ವಿಯಂ ಮತ್ತು ಥೀಸಿಸ್ ಡಿಫೆನ್ಸ್ ಪಿಎಚ್‌ಡಿ ಮುಗಿಸುವ ವಿದ್ಯಾರ್ಥಿಗಳದ್ದು. ಪ್ರಬಂಧ ಸಲ್ಲಿಸುವ ಮೊದಲು ಕೊಡುವ ಭಾಷಣ ಕಲೋಕ್ವಿಯಂ. ಪರೀಕ್ಷಕರ ಮುಂದೆ ಅದನ್ನು ಸಮರ್ಥಿಸಿಕೊಳ್ಳುವುದು ಡಿಫೆನ್ಸ್. ಇವೆರಡೂ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತವೆ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ, ಯಾರು ಬೇಕಾದರೂ ಹೋಗಿ ಕೂರಬಹುದು.

ಸಿಂಪೋಸಿಯಂ ಎಂದರೆ ಒಂದೆರಡು ದಿನದ ವಿಚಾರ ಸಂಕಿರಣ. ಸಾಲು ಸಾಲು ಭಾಷಣ, ನಡುವೆ ಪೋಸ್ಟರ್ (ತಮ್ಮ ಕೆಲಸವನ್ನು ದೊಡ್ಡ ಹಾಳೆಯಲ್ಲಿ ಅಂಟಿಸಿ ಪಕ್ಕದಲ್ಲಿ ನಿಂತು ವಿವರಿಸುವುದು), ಕೆಲವೊಮ್ಮೆ ಡೆಮೊ. ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಓದುವವರು ಕಾಯಬೇಕಾದದ್ದು ಇಇಸಿಎಸ್ ಸಂಶೋಧನಾ ವಿದ್ಯಾರ್ಥಿಗಳ ಸಿಂಪೋಸಿಯಂಗೆ. ಸಾಮಾನ್ಯವಾಗಿ ಬೇಸಿಗೆಯಲ್ಲಿ ನಡೆಯುತ್ತದೆ. ಸಂಸ್ಥೆಯ ನಾಲ್ಕು ವಿಭಾಗಗಳ ವಿದ್ಯಾರ್ಥಿಗಳು ತಮ್ಮ ಕೆಲಸ ತೋರಿಸುತ್ತಾರೆ: ಕಂಪ್ಯೂಟರ್ ಸೈನ್ಸ್ ಅಂಡ್ ಆಟೊಮೇಷನ್, ಎಲೆಕ್ಟ್ರಿಕಲ್ ಕಮ್ಯುನಿಕೇಷನ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ ಸಿಸ್ಟಮ್ಸ್.

ಕಾರ್ಯಾಗಾರ ಅಥವಾ ಸಮ್ಮರ್ ಸ್ಕೂಲ್ ಬೇರೆಯೇ ಜಾತಿ. ಇವಕ್ಕೆ ಅರ್ಜಿ ಹಾಕಬೇಕು, ಆಯ್ಕೆಯಾಗಬೇಕು. ಕಂಪ್ಯೂಟರ್ ಸೈನ್ಸ್ ವಿಭಾಗ ಬಿಇ, ಬಿಟೆಕ್ ವಿದ್ಯಾರ್ಥಿಗಳಿಗೆ ಸಮ್ಮರ್ ಸ್ಕೂಲ್ ನಡೆಸುತ್ತದೆ. ನ್ಯಾನೊ ವಿಜ್ಞಾನ ಕೇಂದ್ರದಲ್ಲಿ ಐಎನ್‌ಯುಪಿ ಎಂಬ ಯೋಜನೆಯಿದೆ. ಬೇರೆ ಕಾಲೇಜುಗಳ ಸಂಶೋಧಕರು, ವಿದ್ಯಾರ್ಥಿಗಳು ಮೊದಲು ಪರಿಚಯ ಕಾರ್ಯಾಗಾರಕ್ಕೆ ಬಂದು, ಆಮೇಲೆ ಅಲ್ಲಿನ ಯಂತ್ರಗಳ ಮೇಲೆ ಕೈಯಾಡಿಸಿ ಕಲಿಯಬಹುದು. ಹಣ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಸಚಿವಾಲಯದ್ದು. ನಮ್ಮ ಜಿಲ್ಲಾ ಕಾಲೇಜುಗಳ ಮೇಷ್ಟ್ರುಗಳಿಗೆ ಇದರ ಸುದ್ದಿಯೇ ತಲುಪಿಲ್ಲ ಎನ್ನುವುದು ನನ್ನ ಬೇಸರ.

ನನ್ನನ್ನು ಕೇಳಿದರೆ? ಮನೆಮಂದಿಯ ಜತೆಗಾದರೆ ಓಪನ್ ಡೇ. ಇಂಜಿನಿಯರಿಂಗ್ ಓದುವವರಾದರೆ ಸಿಂಪೋಸಿಯಂನ ಪೋಸ್ಟರ್ ಸೆಷನ್. ಜಾತ್ರೆಯಲ್ಲಿ ತೇರು ನೋಡಿ ಬರುತ್ತೀರಿ, ಸಂತೆಯಲ್ಲಾದರೆ ನಿಂತು ಚೌಕಾಸಿ ಮಾಡಬಹುದು. ಪೋಸ್ಟರ್ ಸೆಷನ್ ಸಂತೆ.

2. ಸುದ್ದಿ ಎಲ್ಲಿ ಸಿಗುತ್ತದೆ?

ಸಂಸ್ಥೆಯ ಮುಖ್ಯ ಜಾಲತಾಣದಲ್ಲಿ ‘ಈವೆಂಟ್ಸ್’ ಎಂಬ ಪುಟವಿದೆ. ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಪ್ರತಿ ವಿಭಾಗಕ್ಕೂ ತನ್ನದೇ ತಾಣವಿದೆ, ಸಣ್ಣ ಸೆಮಿನಾರ್‌ಗಳ ಸುದ್ದಿ ಹಲವು ಸಲ ಅಲ್ಲಿ ಮಾತ್ರ ಇರುತ್ತದೆ. ನಿಮ್ಮ ಆಸಕ್ತಿಗೆ ತಕ್ಕ ಎರಡು ವಿಭಾಗ ಆರಿಸಿಕೊಳ್ಳಿ. ಸೋಮವಾರ ಬೆಳಿಗ್ಗೆ ಒಂದು ಸಲ ನೋಡುವ ಅಭ್ಯಾಸ ಮಾಡಿಕೊಳ್ಳಿ. ಸೆಮಿನಾರ್‌ನ ಸುದ್ದಿ ಎರಡು ದಿನ ಮೊದಲು ಬಿದ್ದರೆ ಹೆಚ್ಚು, ತಿಂಗಳ ಮುಂಚೆ ಗೊತ್ತಾಗುವ ಮಾತಿಲ್ಲ.

ಎಚ್ಚರಿಕೆ: ವಾಟ್ಸ್ಆಪ್‌ನಲ್ಲಿ ಓಡಾಡುವ ಓಪನ್ ಡೇ ಫಾರ್ವರ್ಡ್‌ನಲ್ಲಿ ವರ್ಷ ಯಾವುದು ನೋಡಿ. ಹೋದ ವರ್ಷದ್ದೇ ಮತ್ತೆ ಬರುತ್ತದೆ. ಅದನ್ನು ನಂಬಿ ಶಾಲಾ ಬಸ್ ಮಾಡಿಕೊಂಡು ಬಂದವರೂ ಇದ್ದಾರೆ.

3. ನೋಟಿಸ್ ಓದುವುದು

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊದಲ ಸಲ ನೋಡುವವರು ತಲೆಬರಹ ಓದಿಯೇ ಹೆದರಿ ಬಿಟ್ಟುಬಿಡುತ್ತಾರೆ.

ನೋಟಿಸಿನಲ್ಲಿ ತಲೆಬರಹ, ಮಾತಾಡುವವರ ಹೆಸರು, ದಿನ, ಸಮಯ, ಜಾಗ ಇರುತ್ತವೆ. ಕೆಳಗೆ ‘ಅಬ್‌ಸ್ಟ್ರ್ಯಾಕ್ಟ್’, ಅಂದರೆ ಭಾಷಣದ ಸಾರಾಂಶ, ಹತ್ತು ಹದಿನೈದು ಸಾಲು. ತಲೆಬರಹ ಅರ್ಥವಾಗದಿದ್ದರೆ ಗಾಬರಿ ಬೇಡ. ಪಕ್ಕದ ವಿಭಾಗದ ಪ್ರೊಫೆಸರ್‌ಗೂ ಅದು ಅರ್ಥವಾಗಿರುವುದಿಲ್ಲ. ಸಾರಾಂಶದ ಮೊದಲ ಮೂರು ಸಾಲು ಓದಿ. ಸಮಸ್ಯೆ ಏನು ಎಂಬುದು ಅಲ್ಲಿರುತ್ತದೆ. ಆ ಮೂರು ಸಾಲು ತಲೆಗೆ ಹೋದರೆ ಆ ಭಾಷಣಕ್ಕೆ ನೀವು ಹೋಗಬಹುದು. ಪೂರ್ತಿ ಅರ್ಥವಾಗಬೇಕು ಅಂತ ಕಾದರೆ ಜನ್ಮಪೂರ್ತಿ ಕಾಯಬೇಕಾಗುತ್ತದೆ.

ಸಮಯದ ಹತ್ತಿರ ‘ಭಾಷಣಕ್ಕೆ 15 ನಿಮಿಷ ಮುಂಚೆ ಕಾಫಿ, ಟೀ’ ಎಂದು ಇದ್ದರೆ ಅದನ್ನು ಕಡೆಗಣಿಸಬೇಡಿ. ಮಾತಾಡುವವರು ಆಗ ಬಾಗಿಲ ಹತ್ತಿರ ಲೋಟ ಹಿಡಿದು ನಿಂತಿರುತ್ತಾರೆ. ಮುಗಿದ ಮೇಲೆ ಅವರನ್ನು ಹತ್ತು ಜನ ಮುತ್ತಿಕೊಂಡಿರುತ್ತಾರೆ, ನಿಮ್ಮ ಸರದಿ ಬರುವುದಿಲ್ಲ.

ಜಾಗದ ಹೆಸರನ್ನು ಎರಡು ಸಲ ಓದಿ. ಫ್ಯಾಕಲ್ಟಿ ಹಾಲ್ ಇರುವುದು ಗೋಪುರವಿರುವ ಮುಖ್ಯ ಕಟ್ಟಡದ ಒಳಗೆ. ಸತೀಶ್ ಧವನ್ ಸಭಾಂಗಣ ಬೇರೆ, ಜೆ.ಎನ್. ಟಾಟಾ ಸಭಾಂಗಣ ಇನ್ನೂ ಬೇರೆ. ‘ಆಡಿಟೋರಿಯಂ’ ಎಂಬ ಪದ ಒಂದನ್ನೇ ನೋಡಿಕೊಂಡು ಹೊರಟ ನಾನು ಒಮ್ಮೆ ತಪ್ಪು ಸಭಾಂಗಣದ ಮುಂದಿನ ಸಾಲಿನಲ್ಲಿ ಕೂತು ಯಾವುದೋ ಲೋಹಶಾಸ್ತ್ರದ ಸಮ್ಮೇಳನದ ಸ್ವಾಗತ ಭಾಷಣ ಕೇಳಿದ್ದೇನೆ. ಎದ್ದು ಬರುವುದು ಹೇಗೆ ಅಂತ ಗೊತ್ತಾಗದೆ ವಂದನಾರ್ಪಣೆವರೆಗೂ ಕೂತಿದ್ದೆ.

4. ನೋಂದಣಿ

ಸೆಮಿನಾರ್, ಕಲೋಕ್ವಿಯಂ, ಡಿಫೆನ್ಸ್‌ಗೆ ನೋಂದಣಿ ಬೇಡ. ಸಿಂಪೋಸಿಯಂಗೆ ಸಾಮಾನ್ಯವಾಗಿ ಒಂದು ಆನ್‌ಲೈನ್ ಫಾರಂ ಇರುತ್ತದೆ. ಊಟದ ಲೆಕ್ಕಕ್ಕೂ ಬ್ಯಾಡ್ಜ್‌ಗೂ ಅದು ಬೇಕು, ಮರೆಯದೆ ತುಂಬಿ. ಫಾರಂನಲ್ಲಿ ‘ಅಫಿಲಿಯೇಷನ್’ ಎಂದು ಕೇಳಿದರೆ ನಿಮ್ಮ ಕಾಲೇಜು ಅಥವಾ ಕೆಲಸದ ಜಾಗ ಬರೆಯಿರಿ. ಎರಡೂ ಇಲ್ಲದಿದ್ದರೆ ‘ಇಂಡಿಪೆಂಡೆಂಟ್’ ಅಂತ ಬರೆದರಾಯಿತು. ಹಣ ಕೇಳುವ ಲಿಂಕ್ ಬಂದರೆ ಅದು ವಿಭಾಗದ ತಾಣದಲ್ಲೂ ಇದೆಯಾ ಎಂದು ನೋಡಿಕೊಂಡೇ ಕಟ್ಟಿ.

5. ತಲುಪುವುದು, ಗೇಟ್ ದಾಟುವುದು

ಆಟೊದವರಿಗೆ ‘ಐಐಎಸ್‌ಸಿ’ ಎಂದರೆ ಒಬ್ಬೊಬ್ಬರಿಗೆ ಒಂದೊಂದು ಕೇಳಿಸುತ್ತದೆ. ಐಐಎಂ ಇರುವುದು ಬನ್ನೇರುಘಟ್ಟ ರಸ್ತೆಯಲ್ಲಿ, ಐಐಐಟಿ ಇರುವುದು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ‘ಟಾಟಾ ಇನ್‌ಸ್ಟಿಟ್ಯೂಟ್, ಮಲ್ಲೇಶ್ವರದ ಮುಂದೆ’ ಅನ್ನಿ, ಗೊಂದಲವಿಲ್ಲ. ತುಮಕೂರು, ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬರುವವರು ಯಶವಂತಪುರದಲ್ಲೇ ಇಳಿದುಬಿಡಿ, ಮೆಜೆಸ್ಟಿಕ್‌ವರೆಗೆ ಹೋಗಿ ವಾಪಸ್ ಬರಬೇಡಿ. ಮೆಟ್ರೊ ಆದರೆ ಹಸಿರು ಮಾರ್ಗದ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಅಥವಾ ಯಶವಂತಪುರ ನಿಲ್ದಾಣ, ಅಲ್ಲಿಂದ ಆಟೊ.

ಮಾಮೂಲಿ ದಿನಗಳಲ್ಲಿ ಗೇಟ್‌ನಲ್ಲಿ ಎಲ್ಲಿಗೆ, ಯಾಕೆ ಎಂದು ಕೇಳುತ್ತಾರೆ. ಫೋಟೊ ಇರುವ ಗುರುತಿನ ಚೀಟಿ ಜೇಬಿನಲ್ಲಿರಲಿ. ಫೋನಿನಲ್ಲಿ ನೋಟಿಸ್ ತೆರೆದಿಟ್ಟುಕೊಂಡು ವಿಭಾಗದ ಹೆಸರು ಹೇಳಿ. ‘ಸುಮ್ನೆ ನೋಡೋಕೆ ಬಂದೆ’ ಅಂದರೆ ಅಲ್ಲೇ ನಿಲ್ಲಿಸುತ್ತಾರೆ. ಅದು ಅವರ ಕೆಲಸ, ಬೇಜಾರಾಗಬೇಡಿ. ಗೇಟ್‌ನಿಂದ ವಿಭಾಗಕ್ಕೆ ನಡೆಯಲು ಅರ್ಧ ಗಂಟೆ ಕೈಯಲ್ಲಿಟ್ಟುಕೊಳ್ಳಿ. ಮರಗಳ ನೆರಳಿದೆ, ದಾರಿ ಚೆನ್ನಾಗಿದೆ. ಆದರೆ ಒಂದು ತಿರುವು ತಪ್ಪಿದರೆ ಇನ್ನೊಂದು ಹತ್ತು ನಿಮಿಷ.

6. ಹಾಲ್ ಒಳಗೆ

ಹಿಂದಿನ ಸಾಲಿನಲ್ಲಿ, ಬಾಗಿಲ ಹತ್ತಿರದ ತುದಿಯಲ್ಲಿ ಕೂರಿ. ಮಧ್ಯದಲ್ಲಿ ಎದ್ದು ಹೋಗುವುದು ಇಲ್ಲಿ ತಪ್ಪಲ್ಲ, ಆದರೆ ಹತ್ತು ಜನರ ಮೊಣಕಾಲು ದಾಟಿಕೊಂಡು ಹೋಗುವುದು ತಪ್ಪು. ಸ್ಲೈಡ್‌ಗಳ ಫೋಟೊ ತೆಗೆಯುವ ಮೊದಲು ಕೇಳಿ. ಇನ್ನೂ ಪ್ರಕಟವಾಗದ ಕೆಲಸ ಅದರಲ್ಲಿರಬಹುದು.

ಮೊದಲ 15 ನಿಮಿಷ ಮೈಯೆಲ್ಲ ಕಿವಿಯಾಗಿ ಕೇಳಿ. ಸಮಸ್ಯೆ ಏನು, ಇಷ್ಟು ದಿನ ಜನ ಏನು ಮಾಡುತ್ತಿದ್ದರು, ಎಲ್ಲಿ ಸಿಕ್ಕಿಹಾಕಿಕೊಂಡರು, ಇದೆಲ್ಲ ಬರುವುದು ಆಗಲೇ. ಆಮೇಲೆ ಸಮೀಕರಣಗಳು ಶುರುವಾಗುತ್ತವೆ. ನೀವು ಕಳೆದುಹೋಗುತ್ತೀರಿ. ಎಲ್ಲರೂ ಕಳೆದುಹೋಗುತ್ತಾರೆ. ಕೊನೆಯ ಐದು ನಿಮಿಷಕ್ಕೆ ಮತ್ತೆ ಎಚ್ಚರಾಗಿ.

ಥೀಸಿಸ್ ಡಿಫೆನ್ಸ್ ಆದರೆ ಇದು ಇನ್ನೂ ಚೆನ್ನ. ಐದಾರು ವರ್ಷದ ಕೆಲಸವನ್ನು ಒಂದು ಗಂಟೆಯಲ್ಲಿ ಹೇಳಬೇಕಾದ್ದರಿಂದ ಪೀಠಿಕೆಯನ್ನು ತುಂಬಾ ಜಾಗ್ರತೆಯಿಂದ ಕಟ್ಟಿರುತ್ತಾರೆ. ಒಂದು ವಿಷಯಕ್ಕೆ ಅಷ್ಟು ಒಳ್ಳೆ ಪರಿಚಯ ಪಾಠ ಬಿಟ್ಟಿ ಸಿಗುವುದು ಅಪರೂಪ. ಹಿಂದಿನ ಸಾಲಿನಲ್ಲಿ ಒಮ್ಮೊಮ್ಮೆ ವಿದ್ಯಾರ್ಥಿಯ ಅಪ್ಪ ಅಮ್ಮ ಕೂತಿರುತ್ತಾರೆ. ಅಮ್ಮ ರೇಷ್ಮೆ ಸೀರೆಯಲ್ಲಿ, ಅಪ್ಪ ಫೋನ್ ಅಡ್ಡ ಹಿಡಿದು ವಿಡಿಯೊ ಮಾಡುತ್ತಾ, ಕಾಲ ಬಳಿ ಸಿಹಿಯ ಡಬ್ಬ. ಅವರ ಪಕ್ಕ ಕೂತರೆ ನಿಮಗೂ ಧೈರ್ಯ ಬರುತ್ತದೆ. ಒಂದು ಮರ್ಯಾದೆ ಮಾತ್ರ ಪಾಲಿಸಿ: ಪರೀಕ್ಷಕರ ಪ್ರಶ್ನೆ ಮುಗಿಯುವವರೆಗೆ ಕೈ ಎತ್ತಬೇಡಿ.

7. ಪೋಸ್ಟರ್ ಸೆಷನ್

ನಿಮ್ಮ ಇಡೀ ದಿನದ ಸಾರ ಇರುವುದು ಇಲ್ಲಿ.

ಪೋಸ್ಟರ್ ಎಂದರೆ ಗೋಡೆಗೋ ಬೋರ್ಡಿಗೋ ಅಂಟಿಸಿದ ದೊಡ್ಡ ಹಾಳೆ. ಒಬ್ಬ ವಿದ್ಯಾರ್ಥಿಯ ಒಂದು ಕೆಲಸದ ಚಿತ್ರ, ಗ್ರಾಫ್, ಫಲಿತಾಂಶ ಎಲ್ಲ ಅದರಲ್ಲಿರುತ್ತದೆ. ಪಕ್ಕದಲ್ಲಿ ಆ ವಿದ್ಯಾರ್ಥಿಯೇ ನಿಂತಿರುತ್ತಾರೆ. ಜನ ಮಾಡುವ ದೊಡ್ಡ ತಪ್ಪು ಎಂದರೆ ಪೋಸ್ಟರ್ ಓದುವುದು! ಎರಡಡಿ ದೂರ ನಿಂತು, ಕೈ ಹಿಂದೆ ಕಟ್ಟಿಕೊಂಡು, ದೇವಸ್ಥಾನದ ಶಾಸನ ಓದುವವರ ಹಾಗೆ ಓದಿ ಮುಂದೆ ಹೋಗುತ್ತಾರೆ. ಹಾಗೆ ಮಾಡಬೇಡಿ. ಹತ್ತಿರ ಹೋಗಿ, ‘ಎರಡು ನಿಮಿಷದಲ್ಲಿ ಹೇಳ್ತೀರಾ?’ ಎಂದು ಕೇಳಿ. ಆ ಎರಡು ನಿಮಿಷದ ಮಾತನ್ನು ಅವರು ವಾರದಿಂದ ಅಭ್ಯಾಸ ಮಾಡಿರುತ್ತಾರೆ. ಕೇಳುವವರು ಸಿಕ್ಕರೆ ಅವರಿಗೂ ಖುಷಿ.

ಆಮೇಲೆ ಪ್ರಶ್ನೆ. ‘ಇದರಿಂದ ಏನು ಉಪಯೋಗ?’ ಎಂದು ಕೇಳಬೇಡಿ. ಬಂದವರೆಲ್ಲ ಅದನ್ನೇ ಕೇಳಿ, ಅದಕ್ಕೊಂದು ರೆಡಿಮೇಡ್ ಉತ್ತರ ತಯಾರಾಗಿರುತ್ತದೆ. ಇದರ ಬದಲು ಈ ಎರಡನ್ನು ಕೇಳಿ ನೋಡಿ.

‘ಇದಕ್ಕೆ ಮೊದಲು ಈ ಕೆಲಸ ಹೇಗೆ ಮಾಡುತ್ತಿದ್ದರು? ನೀವು ಬದಲಾಯಿಸಿದ್ದು ಯಾವ ಭಾಗ?’

‘ಇದು ಯಾವಾಗ ಕೈಕೊಡುತ್ತದೆ?’

ಎರಡನೆಯದು ನನ್ನ ಮೆಚ್ಚಿನದು. ಉದಾಹರಣೆಗೆ ಮಾತನ್ನು ಅಕ್ಷರಕ್ಕಿಳಿಸುವ ಸಾಫ್ಟ್‌ವೇರ್‌ನ ಪೋಸ್ಟರ್ ಎಂದುಕೊಳ್ಳಿ. ಹಾಳೆಯ ಮೇಲೆ ಒಳ್ಳೆಯ ಅಂಕಿಗಳೇ ಇರುತ್ತವೆ. ‘ಯಾವಾಗ ಕೈಕೊಡುತ್ತೆ?’ ಅಂದ ತಕ್ಷಣ ಮುಖದಲ್ಲಿ ನಗು ಬರುತ್ತದೆ. ಫ್ಯಾನ್ ಸದ್ದು ಜಾಸ್ತಿಯಾದರೆ, ಇಬ್ಬರು ಒಟ್ಟಿಗೆ ಮಾತಾಡಿದರೆ, ಕನ್ನಡದ ನಡುವೆ ಇಂಗ್ಲಿಷ್ ನುಸುಳಿದರೆ ಏನಾಗುತ್ತದೆ ಎಂಬ ನಿಜವಾದ ಕಥೆ ಹೊರಬರುತ್ತದೆ. ಲ್ಯಾಬಿನ ದಿನನಿತ್ಯದ ಬದುಕು ಅಂದರೆ ಅದೇ.

ಒಂದು ಸೆಷನ್‌ನಲ್ಲಿ ನಾಲ್ಕು ಪೋಸ್ಟರ್ ಸಾಕು. ನಲವತ್ತಕ್ಕೂ ಸುತ್ತು ಹಾಕಿದರೆ ಮನೆಗೆ ಬರುವಾಗ ಒಂದೂ ನೆನಪಿರುವುದಿಲ್ಲ. ಕನ್ನಡದವರು ಸಿಕ್ಕರೆ ಕನ್ನಡದಲ್ಲೇ ಕೇಳಿ. ಹೆಸರಿನ ಬ್ಯಾಡ್ಜ್ ನೋಡಿ ಅಂದಾಜು ಮಾಡುವುದಕ್ಕಿಂತ ‘ಕನ್ನಡ ಬರುತ್ತಾ?’ ಎಂದು ಬಾಯಿಬಿಟ್ಟು ಕೇಳುವುದು ಒಳ್ಳೆಯದು. ನಮ್ಮೂರಿನವರೇ ಎಂದುಕೊಂಡವರು ಕೇರಳದವರಾಗಿ, ಬಂಗಾಳಿ ಎಂದುಕೊಂಡವರು ಶಿರಸಿಯವರಾಗಿರುತ್ತಾರೆ.

8. ಓಪನ್ ಡೇಗೆ ಹೋಗುವುದಾದರೆ

ಆ ದಿನ ಎಲ್ಲ ವಿಭಾಗಗಳೂ ಬಾಗಿಲು ತೆರೆದಿರುತ್ತವೆ. ಎಲ್ಲವನ್ನೂ ನೋಡುತ್ತೇನೆ ಎಂದು ಹೊರಟವರು ನೋಡುವುದು ಮುಂದಿನವರ ಬೆನ್ನನ್ನು ಮಾತ್ರ. ಮೂರು ಲ್ಯಾಬ್ ಆರಿಸಿಕೊಂಡು ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ಮಧ್ಯಾಹ್ನದ ನಂತರ ಸರದಿ ಸಾಲು ರಸ್ತೆಗೆ ಬಂದಿರುತ್ತದೆ.

ಹೈ ವೋಲ್ಟೇಜ್ ಲ್ಯಾಬ್ ನೋಡಬೇಕೆಂದರೆ ಅಲ್ಲಿಗೇ ಮೊದಲು ಓಡಿ. ಲಕ್ಷಗಟ್ಟಲೆ ವೋಲ್ಟ್‌ನ ಕಿಡಿ ಹಾರಿಸಿ ಕೃತಕ ಮಿಂಚು ತೋರಿಸುತ್ತಾರೆ. ಬೆಳಕಿಗಿಂತ ಸದ್ದೇ ಜೋರು, ಚಿಕ್ಕ ಮಕ್ಕಳ ಕಿವಿ ಮುಚ್ಚಿ. ಏರೋಸ್ಪೇಸ್ ವಿಭಾಗದ ಗಾಳಿ ಸುರಂಗ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ವಿಮಾನದ ಮಾದರಿಯನ್ನು ಒಳಗಿಟ್ಟು ಅದರ ಮೇಲೆ ಗಾಳಿ ಹಾಯಿಸಿ ಅಳೆಯುವ ಸುರಂಗ ಅದು. ಅಲ್ಲಿನ ದೊಡ್ಡ ಸುರಂಗದಲ್ಲಿ ಪರೀಕ್ಷೆ ನಡೆಯುವ ಭಾಗವೇ 14 ಅಡಿ ಅಗಲ, 9 ಅಡಿ ಎತ್ತರ. ಮನೆಯ ಒಂದು ಕೋಣೆಯಷ್ಟು! ಫೋಟೊದಲ್ಲಿ ಇದು ಗೊತ್ತೇ ಆಗುವುದಿಲ್ಲ.

ದ್ರವ ಸಾರಜನಕದ ಪ್ರದರ್ಶನದಲ್ಲಿ ಮೈನಸ್ 196 ಡಿಗ್ರಿಯ ದ್ರವಕ್ಕೆ ಹೂವು ಅದ್ದುತ್ತಾರೆ. ಹೊರತೆಗೆದು ಮುಟ್ಟಿದರೆ ದಳಗಳು ಹಪ್ಪಳದ ಹಾಗೆ ಪುಡಿಯಾಗುತ್ತವೆ. ಮಕ್ಕಳು ಅಲ್ಲಿಂದ ಕದಲುವುದಿಲ್ಲ, ಸಮಯ ಮೊದಲೇ ಎತ್ತಿಡಿ.

ನ್ಯಾನೊ ಕೇಂದ್ರಕ್ಕೆ ಹೋದರೆ ‘ಕ್ಲೀನ್‌ರೂಮ್’ ಎಂಬ ಪದ ಕೇಳುತ್ತೀರಿ. ಚಿಪ್ ತಯಾರಿಸಲು ದೂಳನ್ನು ಸೋಸಿ ತೆಗೆದ ಕೋಣೆ. ‘ಕ್ಲಾಸ್ 100’ ಎಂದರೆ ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನ್‌ಗಿಂತ ದೊಡ್ಡ ಕಣಗಳು 100 ಮೀರುವಂತಿಲ್ಲ. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಒಳಗಿನ ದೀಪ ಹಳದಿ ಯಾಕೆ ಎಂದು ಕೇಳಿ. ಚಿಪ್ ಮೇಲೆ ಹಚ್ಚುವ ಒಂದು ಲೇಪನ ನೀಲಿ ಮತ್ತು ಅತಿನೇರಳೆ ಬೆಳಕಿಗೆ ಬದಲಾಗಿಬಿಡುತ್ತದೆ, ಅದಕ್ಕೆ. ಹಳೇ ಸ್ಟುಡಿಯೊದ ಡಾರ್ಕ್‌ರೂಮಿನ ಕೆಂಪು ದೀಪದ ತಮ್ಮ ಇದು.

ಸೂಪರ್ ಕಂಪ್ಯೂಟರ್ ಪರಮ್ ಪ್ರವೇಗ 2022ರಲ್ಲಿ ಬಂತು, 3.3 ಪೆಟಾಫ್ಲಾಪ್. ಅಂದರೆ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ. ಆದರೆ ನೋಡಲು ಸಿಗುವುದು ಬೀರುಗಳ ಸಾಲು ಅಷ್ಟೆ. ಪುಟ್ಟ ಮಕ್ಕಳಿಗೆ ಬೇಡ.

ಹೊರಡುವ ಮುಂಚೆ ಇಷ್ಟು ನೋಡಿಕೊಳ್ಳಿ: ನಡೆಯಲು ಆಗುವ ಚಪ್ಪಲಿ, ನೀರಿನ ಬಾಟಲಿ, ಟೋಪಿ. ಜನ ಜಾಸ್ತಿಯಾದರೆ ಫೋನ್ ಸಿಗ್ನಲ್ ಕೈಕೊಡಬಹುದು. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಎಂದು ಮೊದಲೇ ಹೇಳಿಕೊಳ್ಳಿ. ಮುಖ್ಯ ಕಟ್ಟಡದ ಮುಂದಿನ ಟಾಟಾ ಪ್ರತಿಮೆ ಇದಕ್ಕೆ ಸರಿಯಾದ ಜಾಗ. ಕಾರು ತರುವವರು ಆ ವರ್ಷದ ಪಾರ್ಕಿಂಗ್ ಸೂಚನೆ ನೋಡಿ, ಇಲ್ಲದಿದ್ದರೆ ಅರ್ಧ ದಿನ ಗೇಟ್ ಹೊರಗೇ ಕಳೆಯುತ್ತದೆ.

9. ಬಂದ ಮೇಲೆ

ಮಾತಾಡಿಸಿದ ವಿದ್ಯಾರ್ಥಿಗೆ ಒಂದು ಇಮೇಲ್ ಬರೆಯಿರಿ. ಎರಡು ದಿನದೊಳಗೆ, ನಾಲ್ಕೈದು ಸಾಲು. ನೀವು ಯಾರು, ಯಾವ ಪೋಸ್ಟರ್ ಹತ್ತಿರ ಏನು ಮಾತಾಡಿದಿರಿ, ಆಮೇಲೆ ನಿಮಗೆ ಬಂದ ಒಂದು ಪ್ರಶ್ನೆ. ಅಷ್ಟೆ. ಮೊದಲ ಮೇಲ್‌ನಲ್ಲೇ ಇಂಟರ್ನ್‌ಶಿಪ್ ಕೇಳಬೇಡಿ. ‘ರೆಸ್ಪೆಕ್ಟೆಡ್ ಸರ್, ಯುವರ್ ಎಸ್ಟೀಮ್ಡ್ ಲ್ಯಾಬ್’ ಎಂದು ಶುರುವಾಗಿ ಮೂವತ್ತು ಪ್ರೊಫೆಸರ್‌ಗಳಿಗೆ ಒಂದೇ ಸಲ ಹೋಗುವ ಮೇಲ್‌ಗಳನ್ನು ಯಾರೂ ತೆರೆಯುವುದಿಲ್ಲ. ಕೆಲವರು ಲೇಡಿ ಪ್ರೊಫೆಸರ್‌ಗೂ ‘ಸರ್’ ಎಂದೇ ಕಳಿಸಿರುತ್ತಾರೆ. ಉತ್ತರ ಬರುತ್ತಾ?

10. ಬೆಂಗಳೂರಿಗೆ ಬರಲಾಗದವರು

ಹೈಸ್ಕೂಲ್, ಪಿಯು ಮೇಷ್ಟ್ರುಗಳಾದರೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹತ್ತಿರ ಇದೇ ಸಂಸ್ಥೆಯ 1,500 ಎಕರೆಯ ಎರಡನೇ ಕ್ಯಾಂಪಸ್ ಇದೆ. ಅಲ್ಲಿನ ಪ್ರತಿಭಾ ಅಭಿವೃದ್ಧಿ ಕೇಂದ್ರದಲ್ಲಿ ವಿಜ್ಞಾನ ಶಿಕ್ಷಕರಿಗೆ ಪ್ರಯೋಗ ಸಹಿತ ತರಬೇತಿ ಕೊಡುತ್ತಾರೆ. ಮುಖ್ಯೋಪಾಧ್ಯಾಯರ ಮೂಲಕ ವಿಚಾರಿಸಿ.

ಉಳಿದವರಿಗೆ ಆನ್‌ಲೈನ್. ಕೊರೋನಾ ಬಂದ ಮೇಲೆ ಕಲೋಕ್ವಿಯಂ, ಡಿಫೆನ್ಸ್‌ಗಳ ನೋಟಿಸಿನಲ್ಲಿ ಹಾಲ್ ಹೆಸರಿನ ಜತೆಗೆ ಮೈಕ್ರೋಸಾಫ್ಟ್ ಟೀಮ್ಸ್ ಲಿಂಕ್ ಕೊಡುವುದು ಸಾಮಾನ್ಯವಾಗಿದೆ. ಲಿಂಕ್ ಒತ್ತಿ, ಹೆಸರು ಹಾಕಿ ಒಳಗೆ ಹೋಗಬಹುದು. ಫೋನಿನಲ್ಲಿ ಸ್ಲೈಡ್ ಅಕ್ಷರ ಕಾಣುವುದಿಲ್ಲ, ಸಾಧ್ಯವಾದರೆ ಲ್ಯಾಪ್‌ಟಾಪ್ ಇರಲಿ. ಪ್ರಶ್ನೆಯನ್ನು ಚಾಟ್‌ನಲ್ಲಿ ಟೈಪ್ ಮಾಡಿ. ಮತ್ತೆ, ದಯವಿಟ್ಟು, ಒಳಗೆ ಹೋದ ತಕ್ಷಣ ಮೈಕ್ ಮ್ಯೂಟ್ ಮಾಡಿ. ಐದು ವರ್ಷದ ಕೆಲಸವನ್ನು ಪರೀಕ್ಷಕರ ಮುಂದೆ ಹೇಳುತ್ತಿರುವಾಗ ಯಾರದೋ ಮನೆಯ ಕುಕ್ಕರ್ ಮೂರು ವಿಷಲ್ ಕೂಗಿದ್ದನ್ನು ನಾನೇ ಕೇಳಿದ್ದೇನೆ.